ಬಲಗಡೆಯ ಹೂ ಮತ್ತು ದೇವರ ಚಿತ್ತ

ದೇವರ ಚಿತ್ತವನ್ನು ತಿಳಿದು ಅದರಂತೆ ನಡೆಯಬೇಕು ಎಂಬ ಮಾತಿಗೆ ಮಲೆನಾಡಿನಲ್ಲಿ ಎದುರಾಡುವವರು ಕಡಿಮೆ. ಸಕಲೇಶಪುರ–ಆಲೂರು ಗುಡ್ಡಸೀಮೆಯಲ್ಲಿ, ಘಟ್ಟದ ಅಂಚಿನ ಹೊಂಗಡಹಳ್ಳದಂಥ ಊರುಗಳಿಂದ ಹಿಡಿದು ಹೇಮಾವತಿಯ ಬಯಲಿನವರೆಗೆ, ಬಾವಿ ತೋಡುವ ಮುಂಚೆ, ಹೆಣ್ಣು ಕೊಡುವ ಮುಂಚೆ, ತೋಟ ಕೊಳ್ಳುವ ಮುಂಚೆ ದೇವರನ್ನು ಒಂದು ಮಾತು ಕೇಳುವುದುಂಟು. ಕೇಳುವ ಬಗೆಗಳಲ್ಲಿ ಹೂಪ್ರಸಾದ ಎಲ್ಲಕ್ಕಿಂತ ಸರಳ. ವಿಗ್ರಹದ ಮೇಲೆ ಒದ್ದೆ ಹೂಗಳನ್ನು ಅಂಟಿಸಿ, ಕೆಲಸ ಆಗುವುದಾದರೆ ಬಲಗಡೆ ಕೊಡು, ಆಗದಿದ್ದರೆ ಎಡಗಡೆ ಕೊಡು ಎಂದು ಬೇಡಿಕೊಂಡು ಕಾಯುತ್ತಾರೆ. ಅಡ್ಡೆಯ ಮೇಲಿನ ದೇವರು ಹೊತ್ತವರ ಹೆಗಲನ್ನು ಮುಂದಕ್ಕೋ ಹಿಂದಕ್ಕೋ ಎಳೆದು ಉತ್ತರ ಕೊಡುವುದು, ಮೈಮೇಲೆ ಬಂದ ದೇವರು ಮಾತಾಡುವುದು, ಘಟ್ಟದ ಕೆಳಗಿನ ದೈವದ ನುಡಿ ಮತ್ತು ಅಷ್ಟಮಂಗಲ ಪ್ರಶ್ನೆ, ಮೂಡಲಿಗೆ ತಿಪಟೂರು ತಾಲ್ಲೂಕಿನ ದಸರಿಘಟ್ಟದಲ್ಲಿ ಚೌಡೇಶ್ವರಿಯ ಕಳಸ ಬರೆದು ತಿಳಿಸುವುದು, ಇವೆಲ್ಲ ಅದೇ ಕೇಳಿಕೆಯ ಬೇರೆ ಬೇರೆ ರೂಪಗಳು.

ಈ ರೂಢಿಯ ಬೆನ್ನಿಗೆ ಒಂದು ತಿಳಿವಳಿಕೆ ಇದೆ. ಮನುಷ್ಯ ಹಾಕಿಕೊಂಡ ಪ್ರತಿ ಯೋಜನೆಯ ಬಗೆಗೂ ದೇವರಿಗೆ ಒಂದು ಅಭಿಪ್ರಾಯವಿರುತ್ತದೆ. ಅದನ್ನು ಮುಂಚಿತವಾಗಿ ತಿಳಿಯಬಹುದು. ತಿಳಿದು ನಡೆದರೆ ಕೆಲಸ ಕೈಗೂಡುತ್ತದೆ. ಕೈಗೂಡದಿದ್ದರೆ ಅದೂ ದೇವರ ಇಚ್ಛೆಯೇ. ತೋಟದ ಒಡೆಯರೂ ಆಳುಗಳೂ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಸೈಟು ಕೊಳ್ಳಲು ಊರದೇವರ ಅಪ್ಪಣೆಗಾಗಿ ಬರುವ ಮಕ್ಕಳೂ ಇದನ್ನೇ ಭಕ್ತಿಯೆಂದು ಎಣಿಸುತ್ತಾರೆ. ಇದು ಮೂಢನಂಬಿಕೆ ಎಂಬ ವಿಚಾರವಾದಿಗಳ ಖಂಡನೆಯೂ ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗಿನಿಂದ ಆ ವಾದ ಕನ್ನಡಿಗರಿಗೆ ಪರಿಚಿತ. ಅದನ್ನು ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ. ಈ ತಿಳಿವಳಿಕೆ ವಿಜ್ಞಾನದ ಎದುರು ನಿಲ್ಲುತ್ತದೆಯೋ ಇಲ್ಲವೋ, ಭಕ್ತಿಯ ಎದುರು ನಿಲ್ಲುವುದಿಲ್ಲ. ದೇವರ ಚಿತ್ತಕ್ಕೆ ತಲೆಬಾಗುವುದು ಎಂಬ ಹೆಸರಿನಲ್ಲಿ ನಡೆಯುವ ಈ ವ್ಯವಹಾರದಲ್ಲಿ ಯಾರ ತಲೆಯೂ ಬಾಗುವುದಿಲ್ಲ. ಮನುಷ್ಯನ ಯೋಜನೆ ಇದ್ದಲ್ಲೇ ಇರುತ್ತದೆ, ದೇವರ ರುಜು ಮಾತ್ರ ಅದರ ಕೆಳಗೆ ಬೀಳುತ್ತದೆ.

ಮೊದಲಿಗೆ, ಪ್ರಶ್ನೆಯನ್ನು ಕಟ್ಟುವವರು ಯಾರು ಎಂದು ನೋಡಬೇಕು. ಜಾಗ ನೋಡಿ, ಬೆಲೆ ಮಾತಾಡಿ, ಮುಂಗಡ ಕೊಟ್ಟು, ಸಾಲದ ಅರ್ಜಿ ಹಾಕಿ ಆದ ಮೇಲೆ ಪ್ರಶ್ನೆ ಗುಡಿಗೆ ಬರುತ್ತದೆ. ದೇವರಿಗೆ ಉಳಿಯುವುದು ಹೌದು, ಅಲ್ಲ ಎಂಬ ಎರಡೇ ಮಾತು. ತೋಟ ಮಾರುವವನು ಕಷ್ಟಕ್ಕೆ ಸಿಕ್ಕಿ ಅರೆಬೆಲೆಗೆ ಮಾರುತ್ತಿದ್ದರೆ ಅವನ ಕಷ್ಟದ ಮೇಲೆ ಲಾಭ ಮಾಡಿಕೊಳ್ಳುವುದು ಸರಿಯೇ ಎಂದು ಯಾರೂ ಹೂ ಕೇಳುವುದಿಲ್ಲ. ಬೇಲಿ ಎಷ್ಟು ಗಜ ಕಾಡಿನೊಳಗೆ ಸರಿದಿದೆ ಎಂದು ಕೇಳುವುದಿಲ್ಲ. ಕೊಳವೆಬಾವಿಯಲ್ಲಿ ನೀರು ಬೀಳುತ್ತದೆಯೇ ಎಂದು ಕೇಳುತ್ತಾರೆ; ಅದರಿಂದ ಕೆಳಗಿನ ಮನೆಯವರ ಬಾವಿ ಬತ್ತೀತೇ ಎಂದು ಕೇಳುವುದಿಲ್ಲ. ಹುಡುಗಿಗೆ ಈ ಸಂಬಂಧ ಕೂಡಿಬರುತ್ತದೆಯೇ ಎಂದು ದೇವರನ್ನು ಕೇಳುವ ಮನೆಗಳಲ್ಲಿ ಹುಡುಗಿಯನ್ನೇ ಕೇಳದವೂ ಇವೆ. ಅಂದರೆ ದೇವರ ಮುಂದೆ ಇಡುವುದು ಫಲದ ಪ್ರಶ್ನೆಯನ್ನು. ಧರ್ಮದ ಪ್ರಶ್ನೆ ಮನೆಯಲ್ಲೇ ಉಳಿದಿರುತ್ತದೆ, ಏಕೆಂದರೆ ಅದರ ಉತ್ತರ ಕೇಳುವವರಿಗೆ ಮೊದಲೇ ಗೊತ್ತು.

ಎಡಗಡೆ ಹೂ ಬಿದ್ದರೂ ರೂಢಿ ಕೈಬಿಡುವುದಿಲ್ಲ. ಇನ್ನೊಮ್ಮೆ ಕೇಳಬಹುದು, ಹರಕೆ ಏರಿಸಿ ಕೇಳಬಹುದು, ದಿನ ಬದಲಿಸಿ ಕೇಳಬಹುದು, ಇಲ್ಲಿ ಆಗದಿದ್ದರೆ ಬೇರೆ ಕ್ಷೇತ್ರಕ್ಕೆ ಹೋಗಬಹುದು. ಎಡಗಡೆಯ ಹೂವಿಗೆ ಮಣಿದು ವ್ಯವಹಾರ ಕೈಬಿಟ್ಟವರೂ ಇದ್ದಾರೆ, ನಿಜ. ಅವರು ಅಂಜಿದ್ದು ನಷ್ಟಕ್ಕೆ. ನಷ್ಟದ ಅಂಜಿಕೆಯಿಂದ ಹಿಂದೆ ಸರಿದವನು ಸಂತೆಯ ದಲ್ಲಾಳಿಯ ಮಾತು ಕೇಳಿ ಹಿಂದೆ ಸರಿದವನಿಗಿಂತ ಹೆಚ್ಚಿನ ಭಕ್ತ ಹೇಗಾಗುತ್ತಾನೆ ಎಂಬುದಕ್ಕೆ ಈ ತಿಳಿವಳಿಕೆಯಲ್ಲಿ ಉತ್ತರವಿಲ್ಲ.

ಪ್ರಶ್ನೆಯನ್ನು ತಿರುಚುವ ಈ ಚಾಳಿ ಮಲೆನಾಡಿನದು ಮಾತ್ರವಲ್ಲ. ಕ್ರಿ.ಪೂ. 401ರಲ್ಲಿ ಗ್ರೀಕ್ ತರುಣ ಕ್ಸೆನೊಫೋನ್ ಪರ್ಷಿಯದ ರಾಜಕುಮಾರ ಸೈರಸ್‌ನ ದಂಡಿನೊಡನೆ ಹೋಗಲು ಹೊರಟಾಗ, ಗುರು ಸಾಕ್ರಟೀಸ್ ಡೆಲ್ಫಿಯ ದೇವರನ್ನು ಕೇಳಿ ಬಾ ಎಂದು ಕಳುಹಿಸಿದ. ಕ್ಸೆನೊಫೋನ್ ಹೋಗಿ ಕೇಳಿದ್ದು, ಪ್ರಯಾಣ ಸುಖವಾಗಲು ಯಾವ ಯಾವ ದೇವತೆಗಳಿಗೆ ಬಲಿ ಕೊಡಬೇಕು ಎಂದು. ದೇವರು ಹೆಸರುಗಳನ್ನು ಹೇಳಿತು. ಹೋಗಬೇಕೋ ಬೇಡವೋ ಎಂಬುದನ್ನು ನೀನೇ ತೀರ್ಮಾನಿಸಿಬಿಟ್ಟು ಹೇಗೆ ಹೋಗಬೇಕೆಂದು ಮಾತ್ರ ಕೇಳಿದೆಯಲ್ಲ ಎಂದು ಸಾಕ್ರಟೀಸ್ ಆಕ್ಷೇಪಿಸಿದನೆಂದು ಕ್ಸೆನೊಫೋನನೇ ಬರೆದಿಟ್ಟಿದ್ದಾನೆ. ಎರಡು ಸಾವಿರದ ನಾನೂರು ವರ್ಷ ಹಳೆಯ ಈ ಆಕ್ಷೇಪ ಇವತ್ತಿನ ಹೂಪ್ರಸಾದಕ್ಕೆ ಒಂದಕ್ಷರ ಬದಲಿಸದೆ ಒಪ್ಪುತ್ತದೆ.

ಉತ್ತರದ ಕಡೆಯಿಂದ ನೋಡಿದರೂ ಕಥೆ ಹಾಗೆಯೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಆಚರಣೆಯ ಗಾಂಭೀರ್ಯ ದೊಡ್ಡದು. ಆದರೆ ಮರುದಿನದಿಂದ ನಡೆಯುವ ಅರ್ಥೈಸುವಿಕೆಯಲ್ಲಿ ಆ ಗಾಂಭೀರ್ಯ ಉಳಿಯುವುದಿಲ್ಲ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ಧಾರಣೆ ಕಾಣುತ್ತಾನೆ, ಅಧಿಕಾರದಲ್ಲಿರುವ ಪಕ್ಷ ಸ್ಥಿರತೆಯನ್ನೂ ಇಲ್ಲದ ಪಕ್ಷ ಬದಲಾವಣೆಯನ್ನೂ ಕಾಣುತ್ತವೆ. ಆ ಮಾತಿನಿಂದ ತನ್ನ ನಡತೆ ಬದಲಿಸಿಕೊಳ್ಳಬೇಕೆಂದು ಓದಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಕಾಣುವುದು ಅಪರೂಪ.

ಇದನ್ನು ಹಳ್ಳಿಗರ ದೋಷವೆಂದು ಪೇಟೆಯವರು ನಗಬೇಕಾಗಿಲ್ಲ. ಸರ್ಕಾರ ಮಾಡುವುದೂ ಇದನ್ನೇ, ಇನ್ನಷ್ಟು ಅಚ್ಚುಕಟ್ಟಾಗಿ. ಯಾವ ದೊಡ್ಡ ಕಾಮಗಾರಿಗೂ ಭೂಮಿಪೂಜೆ ತಪ್ಪುವುದಿಲ್ಲ. ಭೂತಾಯಿಯನ್ನು ಅಗೆಯುವ ಮುಂಚೆ ಅವಳ ಅಪ್ಪಣೆ ಮತ್ತು ಕ್ಷಮೆ ಕೇಳುವುದು ಅದರ ಮೂಲ ಅರ್ಥ. ಆದರೆ ಪೂಜೆಯ ದಿನ ಬರುವುದು ಯೋಜನಾ ವರದಿ, ಸಂಪುಟದ ಒಪ್ಪಿಗೆ, ಭೂಸ್ವಾಧೀನ, ಟೆಂಡರ್ ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಭೂತಾಯಿ ಬೇಡವೆಂದರೆ ಗುತ್ತಿಗೆದಾರನಿಗೆ ಯಾರು ಉತ್ತರ ಕೊಡಬೇಕು?

ಹೊಂಗಡಹಳ್ಳಕ್ಕೆ ಇದರ ನೇರ ಅನುಭವವಿದೆ. ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದ ಗುಂಡ್ಯ ಜಲವಿದ್ಯುತ್ ಯೋಜನೆ ಎತ್ತಿನಹೊಳೆ, ಕೇರಿಹೊಳೆ, ಬೆಟ್ಟಕುಮರಿ ಹೊಳೆಗಳ ಜೊತೆಗೆ ಹೊಂಗಡಹಳ್ಳದ ಹೊಳೆಯನ್ನೂ ತಿರುಗಿಸಿ ಮೊದಲ ಹಂತದಲ್ಲಿ 200 ಮೆಗಾವಾಟ್ ವಿದ್ಯುತ್ ಪಡೆಯುವ ಲೆಕ್ಕ ಹಾಕಿತ್ತು. ಜನರ ವಿರೋಧ ಬಂತು. ಕೇಂದ್ರ ಸರ್ಕಾರ 2010ರಲ್ಲಿ ನೇಮಿಸಿದ, ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಈ ಯೋಜನೆಗೆ ಅನುಮತಿ ಕೊಡಬಾರದೆಂದು ಹೇಳಿತು. ಅದೇ ಸೀಮೆಯ ಹೊಳೆಗಳಿಂದ ಬಯಲುಸೀಮೆಗೆ ನೀರೊಯ್ಯುವ ಎತ್ತಿನಹೊಳೆ ಯೋಜನೆ ಮಾತ್ರ ಮುಂದುವರಿಯಿತು. ವರ್ಷಕ್ಕೆ 24.01 ಟಿಎಂಸಿ ಅಡಿ ನೀರಿನ ಲೆಕ್ಕದ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಹಬ್ಬದ ದಿನ ಆರಿಸುವ ಮಟ್ಟಿಗೆ ಸರ್ಕಾರ ಆಸ್ತಿಕ. ಹೊಳೆಗೆ ಹೇಳಲು ಏನಾದರೂ ಇದೆಯೇ ಎಂದು ಕೇಳುವ ಮಟ್ಟಿಗೆ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಅದು ಗಟ್ಟಿಯಾದ ವಾದ, ಘಟ್ಟದ ಕಾಡಿನ ವಾದವೂ ಅಷ್ಟೇ ಗಟ್ಟಿ. ಎರಡನ್ನೂ ನ್ಯಾಯದ ತಕ್ಕಡಿಯಲ್ಲಿ ತೂಗಬೇಕು. ಒಂದು ಕಡೆಯವರು ಗಂಗೆಯ ಕೃಪೆ ಎನ್ನುವುದು, ಇನ್ನೊಂದು ಕಡೆಯವರು ಪ್ರಕೃತಿಮಾತೆಯ ಶಾಪ ಎನ್ನುವುದು ತೂಗುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ.

ಮುಂಚೆ ರುಜು ಹಾಕಿಸಿಕೊಳ್ಳಲು ಬಳಕೆಯಾಗುವ ದೇವರ ಚಿತ್ತ, ಕೆಟ್ಟದ್ದು ನಡೆದ ಮೇಲೆ ಕಡತ ಮುಚ್ಚಲು ಬಳಕೆಯಾಗುತ್ತದೆ. ಘಟ್ಟದ ಅಂಚಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದುಂಟು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ರೈಲುದಾರಿಯೂ ವಾರಗಟ್ಟಲೆ ಮುಚ್ಚಿದವು. ಮಳೆ ಮನುಷ್ಯನ ಕೈಯಲ್ಲಿಲ್ಲ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡುವುದು, ಇಳಿಜಾರಿನಲ್ಲಿ ಜೆಸಿಬಿ ಬಿಟ್ಟು ಹೋಮ್‌ಸ್ಟೇಗೆ ಸಮತಟ್ಟು ಮಾಡುವುದು, ನೀರು ಹರಿಯುವ ಕಂದಕಕ್ಕೆ ಮಣ್ಣು ತುಂಬುವುದು ಮನುಷ್ಯನ ಕೈಯಲ್ಲಿವೆ. ದೇವರ ಮುನಿಸು ಎಂದರೆ ಎರಡೂ ಕಲಸಿಹೋಗುತ್ತವೆ, ಮುಂದಿನ ಗುಡ್ಡಕ್ಕೆ ಜೆಸಿಬಿ ಹೋಗುತ್ತದೆ.

ಆನೆಯ ವಿಷಯದಲ್ಲಿ ಇದು ಇನ್ನೂ ನಿಷ್ಠುರ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆ ಕಾಫಿತೋಟದಲ್ಲೇ ವಾಸ ಹೂಡಿ ದಶಕಗಳಾದವು. ಬೆಳಗ್ಗೆ ಕೆಲಸಕ್ಕೆ ಹೊರಟ ಕೂಲಿಯವರು ತುಳಿತಕ್ಕೆ ಸಿಕ್ಕು ಸತ್ತಾಗ ಎರಡು ಮಾತು ಕೇಳುತ್ತವೆ: ಗಣಪತಿಯ ಸಿಟ್ಟು, ಹಣೆಬರಹ. ಆ ಹಣೆಬರಹ ತೋಟದ ಬಂಗಲೆಗಿಂತ ಲೈನ್‌ಮನೆಗೆ ಹೆಚ್ಚು ಬರುವುದೇಕೆ, ಜೀಪಿನಲ್ಲಿ ಹೋಗುವವರಿಗಿಂತ ನಡೆದು ಹೋಗುವವರ ಹಣೆಯ ಮೇಲೆ ಅದು ಹೆಚ್ಚು ಬರೆದಿರುವುದೇಕೆ ಎಂದು ಕೇಳಿದರೆ ಬರಹಗಾರ ಯಾರೆಂಬ ಅನುಮಾನ ಹುಟ್ಟುತ್ತದೆ. ಮೈಸೂರು ದಸರಾದಲ್ಲಿ ಎಂಟು ಬಾರಿ ಚಾಮುಂಡೇಶ್ವರಿಯ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ನಾಡಿನ ಜನ ಅತ್ತರು. ಸ್ಮಾರಕದ ಮಾತು ಬಂತು. ದೇವಿಯನ್ನು ಹೊತ್ತ ಆನೆಯ ಸಾವನ್ನು ವಿಧಿ ಎಂದು ಕರೆಯುವುದು ಸುಲಭ, ಆದರೆ ಅದನ್ನು ಆ ಕಾಡಿಗೆ ಕರೆತಂದದ್ದು ಆದೇಶ, ಮತ್ತು ಆದೇಶಕ್ಕೆ ಹೊಣೆಗಾರರಿರುತ್ತಾರೆ.

ಹಾಗಾದರೆ ಎಲ್ಲವೂ ಹರಿಚಿತ್ತ ಎಂದು ಹಾಡಿದ ದಾಸರು ಸುಳ್ಳೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಚಾಲ್ತಿಯಲ್ಲಿರುವ ತಿಳಿವಳಿಕೆಗೆ ದೊಡ್ಡ ಆಸರೆ ಪುರಂದರದಾಸರ ಹೆಸರೇ. ನರಚಿತ್ತ ನಡೆಯದು, ಹರಿಚಿತ್ತವೇ ನಿಜ ಎಂಬ ಅವರ ಕೀರ್ತನೆಯ ಆಶಯವನ್ನು ಸೋತವರು ಸಮಾಧಾನಕ್ಕೂ ಸೋಮಾರಿಗಳು ನೆಪಕ್ಕೂ ಬಳಸುತ್ತ ಬಂದಿದ್ದಾರೆ. ಆದರೆ ಹಾಡಿದವರು ಯಾರು? ಪರಂಪರೆಯ ಕಥೆಯಂತೆ ನವಕೋಟಿ ನಾರಾಯಣನೆನಿಸಿದ್ದ ಚಿನಿವಾರ, ಗಳಿಸಿದ್ದನ್ನೆಲ್ಲ ಬಿಟ್ಟು ಗೋಪಾಳದ ಬುಟ್ಟಿ ಹಿಡಿದವರು. ಆ ಮಾತಿಗೆ ಅವರು ಮೊದಲೇ ಬೆಲೆ ತೆತ್ತಿದ್ದರು. ತೋಟ ಉಳಿಯಬೇಕು, ಕೋರ್ಟಿನ ದಾವೆ ಗೆಲ್ಲಬೇಕು, ಹಾಗಿದ್ದರೆ ಹರಿಚಿತ್ತ ಎನ್ನುವವನ ಬಾಯಲ್ಲಿ ಅದೇ ಮಾತಿಗೆ ಬೆಲೆಯಿಲ್ಲ.

ಶಾಸ್ತ್ರದ ನೆಲೆಯಲ್ಲೂ ಈ ಸೋಮಾರಿ ಅರ್ಥಕ್ಕೆ ಜಾಗವಿಲ್ಲ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೂರನೇ ಪಾದ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತದೆ. ಜೀವನು ಕರ್ತೃವೇ, ಅಲ್ಲವಾದರೆ ಇದನ್ನು ಮಾಡು, ಅದನ್ನು ಬಿಡು ಎನ್ನುವ ಶಾಸ್ತ್ರಕ್ಕೆ ಅರ್ಥವಿರುವುದಿಲ್ಲ. ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು, ನಿಜ. ಆದರೂ ಪರಮಾತ್ಮನು ಜೀವನ ಪ್ರಯತ್ನವನ್ನು ಲೆಕ್ಕಕ್ಕೆ ಹಿಡಿದೇ ನಡೆಸುತ್ತಾನೆ. ಹೊಯ್ಸಳರ ಸೀಮೆಗೆ ಬಂದು ನೆಲೆಸಿದ್ದ ರಾಮಾನುಜರೂ, ಘಟ್ಟದ ಕೆಳಗೆ ಉಡುಪಿಯ ಮಧ್ವರೂ ಬೇರೆ ವಿಷಯಗಳಲ್ಲಿ ಎಷ್ಟೇ ದೂರವಿದ್ದರೂ ಈ ಎರಡು ತುದಿಗಳಲ್ಲಿ ಯಾವುದನ್ನೂ ಬಿಟ್ಟುಕೊಡಲಿಲ್ಲ. ಅಸ್ವತಂತ್ರನಾದ ಜೀವನಿಗೂ ಹೊಣೆ ತಪ್ಪದು. ಭಗವದ್ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ತನ್ನಲ್ಲಿ ಶರಣಾಗು ಎನ್ನುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಸ್ವಲ್ಪ ಮುಂಚೆ, ಇದನ್ನೆಲ್ಲ ಪೂರ್ತಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡು ಎಂದೂ ಅವನು ಹೇಳುತ್ತಾನೆ. ಅದನ್ನು ನೆನೆಯುವವರು ಕಡಿಮೆ. ಸಾಕ್ಷಾತ್ ದೇವರೇ ಎದುರು ನಿಂತಾಗಲೂ ಅರ್ಜುನನಿಗೆ ಯುದ್ಧ ಗೆಲ್ಲುತ್ತೇನೆಯೇ ಎಂದು ಹೂ ಕೇಳುವ ಅವಕಾಶ ಸಿಗಲಿಲ್ಲ. ಅವನಿಗೆ ಸಿಕ್ಕಿದ್ದು ಕರ್ತವ್ಯದ ವಿವರಣೆ; ಫಲದ ಲೆಕ್ಕವನ್ನಂತೂ ಬಿಡಲೇ ಹೇಳಲಾಯಿತು.

ಶರಣರು ಇನ್ನೂ ಖಂಡಿತವಾದಿಗಳು. ಭಕ್ತರ ಕಾರ್ಯಕ್ಕೆ ಲಗ್ನ, ತಾರಾಬಲ, ಚಂದ್ರಬಲಗಳನ್ನು ಹುಡುಕಬೇಕಾಗಿಲ್ಲ ಎಂಬ ಅರ್ಥದ ವಚನ ಬಸವಣ್ಣನದು. ಕೆಲಸ ಒಳ್ಳೆಯದಾದರೆ ಈ ದಿನವೇ ಒಳ್ಳೆಯ ದಿನ, ಕೆಟ್ಟದ್ದಾದರೆ ಯಾವ ಮುಹೂರ್ತವೂ ಅದನ್ನು ತೊಳೆಯದು. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗ ಇನ್ನೂ ಒಂದು ಹೆಜ್ಜೆ ಮುಂದಿದೆ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಬೀಳುತ್ತದೆ. ಅವನು ಅದನ್ನು ಎತ್ತಿಕೊಳ್ಳದೆ ಕಾಯಕ ಮುಂದುವರಿಸುತ್ತಾನೆ. ಲಿಂಗವೇ ಬಂದು ಕರೆದರೂ ಕೂಡಲೇ ಒಪ್ಪುವುದಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಸುರಿದು ಬರಲು ಹೇಳುತ್ತಾಳೆ. ಹೆಚ್ಚಿನ ಅಕ್ಕಿ ಶಿವನ ಕೃಪೆ, ದೇವರೇ ಕೊಟ್ಟದ್ದು ಎಂದು ಇಟ್ಟುಕೊಳ್ಳಲು ಅವಳಿಗೆ ಅಡ್ಡಿ ಏನಿತ್ತು? ಕೇಳಿದ್ದರೆ ಬಲಗಡೆ ಹೂ ಬೀಳುತ್ತಿತ್ತೇನೋ. ಅವಳು ಕೇಳಲಿಲ್ಲ. ಶಿವನ ಇಚ್ಛೆ ಏನೆಂದು ಅವಳಿಗೆ ಗೊತ್ತಿತ್ತು, ಅದು ಅಕ್ಕಿ ಇಟ್ಟುಕೊಳ್ಳುವ ಕಡೆ ಇರಲಿಲ್ಲ.

ಮಲೆನಾಡಿನ ಹಳ್ಳಿಗಳಲ್ಲಿಯೂ ದೇವರ ಚಿತ್ತಕ್ಕೆ ಮಣಿಯುವ ನಿಜವಾದ ಪದ್ಧತಿ ಇಲ್ಲದಿಲ್ಲ, ಮತ್ತು ಅದು ಹೂಪ್ರಸಾದಕ್ಕಿಂತ ಎಷ್ಟೋ ತೂಕದ್ದು. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಸೀಮೆಯ ಹಲವು ಊರುಗಳಲ್ಲಿ ಬೇಸಗೆಯಲ್ಲಿ ಸುಗ್ಗಿ ಬರುತ್ತದೆ. ಹಬ್ಬ ಸಾರಿದ ದಿನದಿಂದ ಊರಿಗೆ ಕಟ್ಟು ಬೀಳುತ್ತದೆ. ಹಸಿ ಮರ ಕಡಿಯುವಂತಿಲ್ಲ. ನೆಲ ಅಗೆಯುವಂತಿಲ್ಲ. ಮಾಂಸ ಬೇಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಕಟ್ಟಿನ ದಿನಗಳೂ ವಿವರಗಳೂ ಊರಿಂದೂರಿಗೆ ಬೇರೆ. ಸ್ವರೂಪ ಮಾತ್ರ ಒಂದೇ: ಇಲ್ಲಿ ಯಾರೂ ದೇವರಿಗೆ ಪ್ರಶ್ನೆ ಹಾಕುವುದಿಲ್ಲ. ಯಾವ ಯೋಜನೆಗೂ ರುಜು ಕೇಳುವುದಿಲ್ಲ. ಆಜ್ಞೆ ಮೊದಲು ಬರುತ್ತದೆ, ಯೋಜನೆಗಳು ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಕಾಫಿಗೆ ಹೂಮಳೆ ಬಂತೋ ಇಲ್ಲವೋ, ತೋಟದಲ್ಲಿ ಕೆಲಸ ಎಷ್ಟು ಬಾಕಿ ಇದೆಯೋ, ಕಟ್ಟು ಅದನ್ನು ವಿಚಾರಿಸುವುದಿಲ್ಲ. ಹತ್ತೆಕರೆಯವನಿಗೂ ಹತ್ತು ಗುಂಟೆಯವನಿಗೂ ಒಗ್ಗರಣೆ ಇಲ್ಲದ ಸಾರೇ ಗತಿ.

ದೇವರಕಾಡಿನ ಕಥೆಯೂ ಹೀಗೆಯೇ. ಒಂದು ತುಂಡು ಕಾಡನ್ನು ದೇವರದು ಎಂದು ಬಿಟ್ಟ ಮೇಲೆ ಅಲ್ಲಿಂದ ಸೌದೆಯನ್ನೂ ತರಬಾರದು ಎಂಬ ಕಟ್ಟು ಘಟ್ಟದುದ್ದಕ್ಕೂ ಇದೆ. ಗುಡ್ಡದಾಚೆಯ ಕೊಡಗಿನಲ್ಲಿ ಇಂಥ 1,214 ದೇವರಕಾಡುಗಳ ಲೆಕ್ಕವಿದೆ. ಆ ಜಿಲ್ಲೆಯ ದೇವರಕಾಡುಗಳ ಒಟ್ಟು ವಿಸ್ತಾರ 1905ರಲ್ಲಿ 15,506 ಎಕರೆ ಇದ್ದದ್ದು 1985ರ ಹೊತ್ತಿಗೆ 6,299 ಎಕರೆಗೆ ಇಳಿದಿತ್ತು. ಈ ಎಂಬತ್ತು ವರ್ಷಗಳಲ್ಲಿ ದೇವರನ್ನು ಕೇಳುವುದು ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಗುಡಿಗಳು ಎದ್ದವು, ಹರಕೆಗಳು ಬೆಳೆದವು, ಘಟ್ಟ ಇಳಿದು ಕುಕ್ಕೆಗೆ ಹೋಗುವ ಗಾಡಿಗಳ ಸಾಲು ಉದ್ದವಾಯಿತು. ಕರಗಿದ್ದು ದೇವರಕಾಡು. ಕೇಳಿಕೆ ಹೆಚ್ಚಿ ವಿಧೇಯತೆ ಕುಗ್ಗಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಹುಡುಕುವುದು ಕಷ್ಟ. ಬೆಲೆಯಿಲ್ಲದ ಭಕ್ತಿ ಬೆಳೆಯಿತು, ಬೆಲೆ ಕೇಳುವ ಭಕ್ತಿಯ ಮೇಲೆ ಕಾಫಿ ಗಿಡ ನೆಟ್ಟಿತು.

ಇಲ್ಲಿ ಒಂದು ಹೊಸ ಜಾಣತನವನ್ನೂ ಹೆಸರಿಸಬೇಕು. ಸುಗ್ಗಿಯ ಕಟ್ಟಿನಿಂದ ಮರ ಚಿಗುರಲು ಅನುಕೂಲ, ದೇವರಕಾಡಿನಿಂದ ಅಂತರ್ಜಲ ಹೆಚ್ಚುತ್ತದೆ, ಹಿರಿಯರು ಎಷ್ಟು ವೈಜ್ಞಾನಿಕರು ಎಂದು ಬರೆಯುವುದು ಈಚಿನ ರೂಢಿ. ಅನುಕೂಲಗಳು ಇದ್ದಾವು. ಆದರೆ ಅನುಕೂಲಕ್ಕಾಗಿ ಪಾಲಿಸುವ ಕಟ್ಟು, ಹೆಚ್ಚಿನ ಅನುಕೂಲ ಕಂಡ ದಿನ ಮುರಿಯುತ್ತದೆ. ಅಂತರ್ಜಲಕ್ಕೆ ಇಂಗುಗುಂಡಿ ತೋಡಿದರಾಯಿತು, ದೇವರಕಾಡು ಯಾಕೆ ಎಂದು ಕೇಳಿದರೆ ಈ ಜಾಣರ ಬಳಿ ಮಾತಿರುವುದಿಲ್ಲ. ಹೊರಗಿನಿಂದ ಬಂದ ಕೂಲಿಗಳಿಗೆ ಊರಿನ ಕಟ್ಟು ಅನ್ವಯಿಸದು ಎಂದು ಅವರ ಕೈಯಿಂದ ಕೆಲಸ ನಡೆಸುವುದೂ ಇದೇ ಲೆಕ್ಕಾಚಾರದ ಫಲ.

ಈ ವಾದಕ್ಕೆ ಎದುರು ಮಾತುಗಳಿವೆ, ಎಲ್ಲವೂ ಹಗುರವಲ್ಲ. ಹೂಪ್ರಸಾದ ಜಗಳ ತೀರಿಸುತ್ತದೆ ಎಂಬುದು ಒಂದು. ಅಣ್ಣತಮ್ಮಂದಿರ ಪಾಲಿನಲ್ಲಿ ಯಾವ ತುಂಡು ಯಾರಿಗೆಂದು ತೀರದಿದ್ದಾಗ ದೇವರ ಮುಂದೆ ಚೀಟಿ ಎತ್ತುವುದು ಒಳ್ಳೆಯದೇ. ಯಾರಿಗೂ ಮೇಲುಕೀಳಿಲ್ಲ, ಯಾರಿಗೂ ಮುಖಭಂಗವಿಲ್ಲ. ಅದು ಚೀಟಿ, ನ್ಯಾಯವಾದ ಚೀಟಿ, ಅದಕ್ಕೆ ಅಷ್ಟು ಗೌರವ ಸಲ್ಲುತ್ತದೆ. ಧಾರಣೆ, ಮಳೆ, ಆನೆ ಮೂರೂ ಕೈಯಲ್ಲಿಲ್ಲದ ಸಣ್ಣ ಬೆಳೆಗಾರನಿಗೆ ದೇವರನ್ನು ಕೇಳಿದಾಗ ಸಿಗುವ ಧೈರ್ಯವೂ ಸುಳ್ಳಲ್ಲ. ಅಂಜಿದವನು ದೇವರ ಮುಂದೆ ಅಂಜಿಕೆ ತೋಡಿಕೊಳ್ಳುವುದು ಪ್ರಾರ್ಥನೆ. ಯಾರು ಅದನ್ನು ಕಿತ್ತುಕೊಳ್ಳಬೇಕು? ಇಲ್ಲಿನ ತಕರಾರು ಅದಕ್ಕೆ ವಿಧೇಯತೆ ಎಂಬ ದೊಡ್ಡ ಹೆಸರು ಕೊಡುವುದರ ಬಗ್ಗೆ.

ಇನ್ನೊಂದು ಎದುರು ಮಾತು ಗಂಭೀರವಾದದ್ದು. ಕಟ್ಟೂ ಮನುಷ್ಯರೇ ಹಾಕಿದ್ದಲ್ಲವೇ? ಇದು ದೇವರ ಆಜ್ಞೆ ಎಂದು ಹೇಳಿದವರು ಊರ ಗೌಡರು, ಪೂಜಾರಿಗಳು. ಅದೇ ಬಾಯಿಂದ ದಲಿತರು ಗುಡಿಯೊಳಗೆ ಬಂದರೆ ದೇವರಿಗೆ ಆಗುವುದಿಲ್ಲ ಎಂಬ ಮಾತೂ ಬಂದಿದೆ. ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರ ದೇವಸ್ಥಾನ ಪ್ರವೇಶ ದೊಡ್ಡ ವಿವಾದವಾಯಿತು. ದೇವರಿಗೆ ಒಪ್ಪಿಗೆಯಿಲ್ಲ ಎಂದು ಹೇಳಿ ಬಾಗಿಲು ಹಾಕುವವರೂ ತಾವು ದೇವರ ಚಿತ್ತ ಪಾಲಿಸುತ್ತಿದ್ದೇವೆಂದೇ ಹೇಳುತ್ತಾರೆ. ಸುಗ್ಗಿಯಲ್ಲೂ ಯಾರು ಎಲ್ಲಿ ನಿಲ್ಲಬೇಕೆಂಬ ಜಾತಿಯ ಗೆರೆ ಹಲವು ಊರುಗಳಲ್ಲಿ ಅಳಿಸಿಲ್ಲ. ಕಟ್ಟನ್ನು ಹೊಗಳುವವರು ಇದನ್ನು ನುಂಗಿಕೊಂಡು ಮುಂದೆ ಹೋಗುವಂತಿಲ್ಲ.

ಉತ್ತರ ಹುಡುಕಬೇಕಾದದ್ದು ಆಜ್ಞೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬಲ್ಲಿ. ದೇವರ ಹೆಸರಿನ ಒಂದು ಮಾತು ಅದನ್ನು ಆಡಿದವನಿಂದ ಏನನ್ನೂ ಕೇಳದೆ ಪಕ್ಕದವನಿಂದ ಎಲ್ಲವನ್ನೂ ಕೇಳಿದರೆ, ಅದು ಆಡಿದವನ ಇಚ್ಛೆ. ದಲಿತರಿಗೆ ಬಾಗಿಲು ಮುಚ್ಚುವುದರಿಂದ ಮುಚ್ಚಿದವನು ಕಳೆದುಕೊಳ್ಳುವುದು ಏನೂ ಇಲ್ಲ; ಅವನ ತೋಟ, ಅವನ ಮಾನ, ಅವನ ಜಾಗ ಇದ್ದಂತೆ ಇರುತ್ತವೆ. ಹಸಿ ಕಡಿಯಬಾರದು ಎಂಬ ಕಟ್ಟು ಮಾತ್ರ ಕಡಿಯಲು ಮರವಿದ್ದವನನ್ನೇ ಮೊದಲು ತಡೆಯುತ್ತದೆ. ಲಕ್ಕಮ್ಮ ಗಂಡನಿಗೆ ಹೇಳಿದ ಮಾತಿನಿಂದ ಹಸಿವು ಹೆಚ್ಚುವುದಾದರೆ ಅವಳ ಹೊಟ್ಟೆಯದೂ ಹೆಚ್ಚುತ್ತಿತ್ತು. ರಾಘವಾಂಕನ ಕಾವ್ಯದ ಹರಿಶ್ಚಂದ್ರ ಸತ್ಯಕ್ಕಾಗಿ ಬಿಟ್ಟದ್ದು ತನ್ನ ರಾಜ್ಯವನ್ನು. ಹೆಂಡತಿ ಮಗನನ್ನೂ ಆ ಬೆಂಕಿಗೆ ಎಳೆದದ್ದು ಓದುಗರನ್ನು ಇವತ್ತಿಗೂ ಕಾಡುವುದು ಈ ಕಾರಣಕ್ಕೇ. ಈ ಅಳತೆಗೋಲು ಎಲ್ಲ ಪ್ರಶ್ನೆಯನ್ನೂ ಬಗೆಹರಿಸದು. ಘಟ್ಟದ ಸೂಕ್ಷ್ಮಪ್ರದೇಶ ಗುರುತಿಸಲು 2014ರಿಂದ 2024ರವರೆಗೆ ಹೊರಬಂದ ಆರು ಕರಡು ಅಧಿಸೂಚನೆಗಳ ಬಗೆಗೆ ಮಲೆನಾಡಿಗರ ಸಿಟ್ಟಿಗೆ ಮೂಲವೇ ಇದು: ಕಾಡು ಉಳಿಸುವ ಆಜ್ಞೆ ದೆಹಲಿಯದು, ತೆರಬೇಕಾದವರು ಇಲ್ಲಿಯವರು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದೇ ಸಿಟ್ಟು ಒತ್ತುವರಿಯ ಬೇಲಿಯನ್ನೂ ತನ್ನ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದನ್ನೂ ಇದೇ ಅಳತೆಗೋಲು ತೋರಿಸುತ್ತದೆ.

ಹೂಪ್ರಸಾದದ ಪದ್ಧತಿಯೊಳಗೇ ಇನ್ನೊಂದು ಬಗೆಯ ಪ್ರಶ್ನೆಯೂ ಉಳಿದಿದೆ. ಮನೆಯಲ್ಲಿ ಕೇಡಿನ ಮೇಲೆ ಕೇಡು ಬಂದಾಗ ನಮ್ಮಿಂದ ಏನು ತಪ್ಪಾಗಿದೆ ಎಂದು ಕೇಳುವುದುಂಟು. ಕೊಟ್ಟ ಮಾತು ತಪ್ಪಿದ್ದೇ, ಯಾರದೋ ಗಡಿಕಲ್ಲು ಸರಿಸಿದ್ದೇ, ಸತ್ತವರಿಗೆ ಕೊಡಬೇಕಾದದ್ದು ಬಾಕಿ ಇದೆಯೇ ಎಂದು ಒಂದೊಂದಾಗಿ ಹೆಸರಿಸಿ ಹೂವಿಗೆ ಕಾಯುತ್ತಾರೆ. ಈ ಪ್ರಶ್ನೆಯ ಉತ್ತರ ಕೇಳಿದವನನ್ನೇ ಹಿಡಿಯುತ್ತದೆ, ಆದ್ದರಿಂದ ಇಡೀ ಪದ್ಧತಿಯಲ್ಲಿ ವಿಧೇಯತೆಗೆ ತೆರೆದಿರುವ ಕಿಟಕಿ ಇದೊಂದೇ. ಹೂ ಬೀಳುವ ಮುಂಚೆಯೇ, ಹೆಸರಿಸುವಾಗಲೇ, ಕೆಲಸ ಮುಕ್ಕಾಲು ಮುಗಿದಿರುತ್ತದೆ. ಯಾವುದನ್ನು ಹೆಸರಿಸಬೇಕೆಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಆದರೆ ಅದಕ್ಕೂ ಈಗ ಅಡ್ಡದಾರಿ ಸಿದ್ಧವಾಗಿದೆ. ತಪ್ಪು ಯಾವುದೆಂದು ತಿಳಿದ ಮೇಲೆ ದೇವರ ಹುಂಡಿಗೆ ತಪ್ಪುಕಾಣಿಕೆ ಹಾಕಿ ಕೈಮುಗಿದು ಬರುತ್ತಾರೆ. ಸರಿಸಿದ ಗಡಿಕಲ್ಲು ಸರಿಸಿದಲ್ಲೇ ಇರುತ್ತದೆ, ಪಕ್ಕದ ಹೊಲದವನಿಗೆ ಹೂ ಯಾವ ಕಡೆ ಬಿತ್ತೆಂದು ಯಾರೂ ಹೋಗಿ ಹೇಳುವುದಿಲ್ಲ.